ಗಂಟು ಕೊಯ್ಯೋಕೆ ಮುಂಚೆ ಸೂಜಿ ಹಾಕಿ ನೋಡಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ಆರೋಗ್ಯ ಇಲಾಖೆ ಆಯುಕ್ತರಿಗೆ, ಹಾಗೇ ಎದೇಲಿ ಗಂಟು ಇಟ್ಕೊಂಡು ಯಾರಿಗೂ ಹೇಳ್ದೆ ಈ ಬೆಂಗಳೂರಲ್ಲಿ ಓಡಾಡ್ತಿರೋ ಅಕ್ಕತಂಗೀರಿಗೆ,

ನಮಸ್ಕಾರ. ನಾನು ಲಗ್ಗೆರೇಲಿ ಒಂದು ಸಣ್ಣ ಜೆರಾಕ್ಸ್ ಅಂಗಡಿ ಇಟ್ಕೊಂಡಿದೀನಿ. ಡಾಕ್ಟ್ರಲ್ಲ, ಯಾವ ಸಂಘದವಳೂ ಅಲ್ಲ. ನಮ್ಮ ಅತ್ತಿಗೆಗೆ ಸ್ತನ ಕ್ಯಾನ್ಸರ್ ಆಗಿತ್ತು, ಎರಡು ವರ್ಷದಿಂದ ಅವರ ಫೈಲ್ ಹಿಡ್ಕೊಂಡು ಆಸ್ಪತ್ರೆಗೆ ಓಡಾಡಿರೋಳು ನಾನು. ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ. "ನನ್ ಹೆಸರು ಹಾಕ್ಬೇಡ, ಬಾಕಿ ಎಲ್ಲಾ ಬರಿ, ಏನೂ ಮುಚ್ಚಿಡ್ಬೇಡ" ಅಂತ ಅವರೇ ಹೇಳಿದ್ರು.

ಅತ್ತಿಗೆ ಲೇಡೀಸ್ ಟೈಲರ್. ಮನೆ ಮುಂದಿನ ರೂಮಲ್ಲೇ ಮಿಷನ್. ಶ್ರಾವಣ ಶುರುವಾದ್ರೆ ಸಾಕು, ವರಮಹಾಲಕ್ಷ್ಮಿ, ಗೌರಿ, ದಸರಾ, ದೀಪಾವಳಿ ಅಂತ ಬ್ಲೌಸ್ ರಾಶಿ ಬೀಳುತ್ತೆ, ವರ್ಷದ ಅರ್ಧ ದುಡಿಮೆ ಆ ಮೂರು ತಿಂಗಳಲ್ಲೇ ಆಗ್ಬೇಕು. 2023ರ ಆಗಸ್ಟ್ 11ನೇ ತಾರೀಕು ರಾತ್ರಿ ಹಬ್ಬಕ್ಕೆ ತಮಗೇ ಒಂದು ಬ್ಲೌಸ್ ಹೊಲ್ಕೊಂಡು ಹಾಕಿ ನೋಡಿದ್ರು. ಎಡಗಡೆ ಟಕ್ಸ್ ಸರಿಯಾಗಿ ಕೂರ್ತಿಲ್ಲ. ಬಿಚ್ಚಿ ಮತ್ತೆ ಹೊಲಿದ್ರು, ಮತ್ತೆ ಅದೇ. ಇಪ್ಪತ್ತು ವರ್ಷದಿಂದ ಅದೇ ಅಳತೆ ಬ್ಲೌಸ್ ಹೊಲ್ಕೊಳ್ಳೋ ಕೈಗೆ ತಪ್ಪು ಬಟ್ಟೇದಲ್ಲ ಅಂತ ಗೊತ್ತಾಯ್ತು. ಬೆರಳಿಟ್ಟು ನೋಡಿದ್ರೆ ಒಳಗೆ ಹುಣಸೆ ಬೀಜದಷ್ಟು ಗಟ್ಟಿ, ಒತ್ತಿದ್ರೂ ನೋವಿಲ್ಲ. ನೋವಿಲ್ಲ ಅಂತಾನೇ ಸುಮ್ನಾದ್ರು. ನೋವಿಲ್ಲ ಅಂದ ಮಾತ್ರಕ್ಕೆ ಎದೆ ಗಂಟನ್ನ ಕಡೆಗಣಿಸಬಾರದು ಅಂತ ನಮ್ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ ಸರ್, ಎಸ್ಸೆಸ್ಸೆಲ್ಸಿ ಪಾಸಾಗಿರೋ ನನಗೂ ಗೊತ್ತಿರ್ಲಿಲ್ಲ.

ಆವತ್ತಿಂದ ಮೊದಲನೇ ಕೀಮೋ ಡ್ರಿಪ್ ಏರೋವರೆಗೆ 160 ದಿನ ಆಯ್ತು, ಕ್ಯಾಲೆಂಡರ್ ಇಟ್ಕೊಂಡು ಎಣಿಸಿದೀನಿ. ಅದರಲ್ಲಿ ಮೊದಲ 17 ದಿನ ನಮ್ಮ ತಪ್ಪೇ, ಹಬ್ಬದ ಆರ್ಡರ್ ಮುಗೀಲಿ ಅಂತ ಕಾದ್ವಿ. ಉಳಿದ 143 ದಿನದ ಬಗ್ಗೆ ಈ ಪತ್ರ.

ಆಗಸ್ಟ್ 28ಕ್ಕೆ ಹತ್ತಿರದ ಕ್ಲಿನಿಕ್‌ಗೆ ಹೋದ್ವಿ. ಗಂಡಸು ಡಾಕ್ಟ್ರು, ಅವರಿಗೂ ಸಂಕೋಚ ಇವರಿಗೂ ಸಂಕೋಚ, ಮುಟ್ಟಿ ನೋಡ್ಲೇ ಇಲ್ಲ. "ಕೊಬ್ಬಿನ ಗಂಟಿರುತ್ತೆ, ಈ ವಯಸ್ಸಲ್ಲಿ ಕಾಮನ್" ಅಂತ ಆಂಟಿಬಯೋಟಿಕ್, ವಿಟಮಿನ್ ಇ ಮಾತ್ರೆ ಬರ್ಕೊಟ್ಟು ತಿಂಗಳು ಬಿಟ್ಟು ಬನ್ನಿ ಅಂದ್ರು. ಎದೇಲಿ ಕಾಣಿಸೋ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ ಅನ್ನೋದು ನಿಜಾನೇ, ಆದ್ರೆ ಯಾವುದು ಹೌದು ಯಾವುದು ಅಲ್ಲ ಅಂತ ಕೈಯಲ್ಲಿ ಮುಟ್ಟದೇ, ಸ್ಕ್ಯಾನ್ ಮಾಡದೇ, ಸೂಜಿ ಹಾಕಿ ಚೂರು ತೆಗೆದು ಲ್ಯಾಬಲ್ಲಿ ನೋಡದೇ (ಇದಕ್ಕೇ ಸೂಜಿ ಬಯಾಪ್ಸಿ ಅನ್ನೋದು) ಹೇಳಕ್ಕಾಗಲ್ಲ. ಅತ್ತಿಗೆಗೆ ಆಗ 44.

ತಿಂಗಳಾದ್ಮೇಲೆ ಗಂಟು ಹಂಗೇ ಇತ್ತು, ಸ್ವಲ್ಪ ದಪ್ಪಾನೇ ಆಗಿತ್ತು. ಒಂದು ನರ್ಸಿಂಗ್ ಹೋಮ್‌ಗೆ ಹೋದ್ವಿ. ಹೆಸರು ಹೇಳಲ್ಲ, ನನಗೆ ಅವರ ಮೇಲೆ ಕೇಸ್ ಹಾಕೋ ಆಸೆಯಿಲ್ಲ, ಇಂಥ ಜಾಗ ಊರ ತುಂಬಾ ಇರೋದ್ರಿಂದ ಒಂದರ ಹೆಸರು ಹೇಳಿ ಪ್ರಯೋಜನಾನೂ ಇಲ್ಲ. ಸ್ಕ್ಯಾನಿಂಗ್ ಮಾಡಿದ್ರು. "ಅರ್ಧ ಗಂಟೆ ಕೆಲ್ಸ, ಲೋಕಲ್ ಕೊಟ್ಟು ತೆಗೆದ್ಬಿಡ್ತೀವಿ, ಸಂಜೆ ಮನೆಗೆ ಹೋಗ್ಬಹುದು" ಅಂದ್ರು. ನಮಗೆ ಖುಷಿಯಾಯ್ತು ಸರ್. ಗಂಟು ಹೋದ್ರೆ ಕಾಯಿಲೆ ಹೋಯ್ತು ಅಂತಲ್ವಾ ನಮ್ಮಂಥೋರು ತಿಳ್ಕೊಳ್ಳೋದು.

ಅಕ್ಟೋಬರ್ 7, ಶನಿವಾರ. ಆಪರೇಷನ್ ಮುಗಿದ ಮೇಲೆ ಅಣ್ಣನ ಕೈಗೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ರು, ಉಪ್ಪಿನಕಾಯಿ ಡಬ್ಬಿಯಷ್ಟು ದೊಡ್ಡದು, ಮೇಲೆ ಬಿಳಿ ಟೇಪ್ ಹಚ್ಚಿ ಪೆನ್ನಲ್ಲಿ ಅತ್ತಿಗೆ ಹೆಸರು ಬರ್ದಿತ್ತು. ಒಳಗೆ ನೀರಿನ ಥರ ಏನೋ, ಅದರಲ್ಲಿ ಆ ಗಂಟು. ಲ್ಯಾಬ್‌ಗೆ ಕೊಟ್ಬಿಡಿ ಅಂದ್ರು. ಅಣ್ಣ ಅದನ್ನ ಸ್ಕೂಟರ್ ಡಿಕ್ಕೀಲಿ ಇಟ್ಕೊಂಡು ಹೋದ, ಶನಿವಾರ ಸಂಜೆ ಲ್ಯಾಬ್ ಬಾಗಿಲು ಹಾಕಿತ್ತು, ವಾಪಸ್ ತಂದು ಮನೇಲಿ ದೇವರ ಗೂಡಿನ ಕೆಳಗೆ, ಯಾಕಂದ್ರೆ ಮಕ್ಕಳ ಕೈಗೆ ಸಿಗದೇ ಇರೋ ಜಾಗ ಅದೊಂದೇ, ಭಾನುವಾರ ಪೂರ್ತಿ ಇಟ್ಟಿದ್ದ. ಸೋಮವಾರ ಲ್ಯಾಬ್ ಹುಡುಗಿ ಮುಚ್ಚಳ ತೆಗೆದ ತಕ್ಷಣ ವಾಸನೇಲೇ ಗೊತ್ತಾಯ್ತಂತೆ, "ಸರ್ ಇದು ಫಾರ್ಮಲಿನ್ ಅಲ್ಲ, ಸಲೈನ್" ಅಂದ್ಳಂತೆ.

ಇದನ್ನ ಯಾರೂ ಹೇಳ್ಕೊಡಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ. ದೇಹದಿಂದ ತೆಗೆದ ತುಂಡನ್ನ ಒಂದು ಗಂಟೆಯೊಳಗೆ ಶೇ 10ರ ಫಾರ್ಮಲಿನ್‌ಗೆ, ಅಂದ್ರೆ ತುಂಡು ಕೆಡದಂಗೆ ಕಾಪಾಡೋ ದ್ರಾವಣಕ್ಕೆ, ಹಾಕ್ಬೇಕು, ತುಂಡಿನ ಹತ್ತರಷ್ಟು ದ್ರಾವಣ ಇರ್ಬೇಕು, ಆರು ಗಂಟೆಗಿಂತ ಕಡಿಮೆಯೂ ಎಪ್ಪತ್ತೆರಡು ಗಂಟೆಗಿಂತ ಜಾಸ್ತಿಯೂ ಇಡಬಾರದು. ಸಲೈನ್ ಅಂದ್ರೆ ಉಪ್ಪು ನೀರು, ಅದರಲ್ಲಿ ತುಂಡು ಕೊಳೆಯುತ್ತೆ. ಕ್ಯಾನ್ಸರ್ ಹೌದಾ ಅಲ್ವಾ ಅಂತೇನೋ ಹೆಂಗೋ ಗೊತ್ತಾಗ್ಬಹುದು, ನಮಗೂ ಗೊತ್ತಾಯ್ತು, ಆದ್ರೆ ಅದು ಯಾವ ಥರದ ಕ್ಯಾನ್ಸರ್ ಅಂತ ಹೇಳೋ ಇಆರ್, ಪಿಆರ್, ಹರ್-2 ಅನ್ನೋ ಮೂರು ಟೆಸ್ಟ್ ಅಂಥ ತುಂಡಲ್ಲಿ ನಂಬೋ ಹಾಗೆ ಬರಲ್ಲ. ಟ್ರೀಟ್‌ಮೆಂಟ್ ಪೂರ್ತಿ ನಿಂತಿರೋದೇ ಆ ಮೂರರ ಮೇಲೆ. ಇಆರ್, ಪಿಆರ್ ಹಾರ್ಮೋನಿಗೆ ಸಂಬಂಧಪಟ್ಟವು, ಇಆರ್ ಇದ್ರೆ ಹಾರ್ಮೋನ್ ತಡೆಯೋ ಮಾತ್ರೆ ಕೆಲ್ಸ ಮಾಡುತ್ತೆ, ಹರ್-2 ಇದ್ರೆ ಟ್ರಾಸ್ಟುಜುಮ್ಯಾಬ್ ಅನ್ನೋ ಇಂಜೆಕ್ಷನ್, ಮೂರೂ ಇಲ್ಲದಿದ್ರೆ ದಾರಿನೇ ಬೇರೆ. ನಮ್ಮ ರಿಪೋರ್ಟಲ್ಲಿ ಕೊನೆಗೆ ಬರ್ದಿದ್ದು ಇಷ್ಟೇ: ಕಾರ್ಸಿನೋಮ (ಅಂದ್ರೆ ಕ್ಯಾನ್ಸರ್), ಅಂಚುಗಳ ಬಗ್ಗೆ (ಅಂದ್ರೆ ಪೂರ್ತಿ ಬಂದಿದೆಯಾ ಇಲ್ವಾ ಅಂತ) ಹೇಳಲು ಸಾಧ್ಯವಿಲ್ಲ, ಮತ್ತೆ ಬಯಾಪ್ಸಿ ಮಾಡಿಸಿ.

ದಸರಾ ಮುಗಿಸ್ಕೊಂಡು ಅಕ್ಟೋಬರ್ 26ಕ್ಕೆ ದೊಡ್ಡಾಸ್ಪತ್ರೆಗೆ ಹೋದ್ವಿ. ಅಲ್ಲಿನ ಡಾಕ್ಟ್ರಮ್ಮ ಗಾಯದ ಗುರುತು ನೋಡಿ ಒಂದು ನಿಮಿಷ ಮಾತೇ ಆಡ್ಲಿಲ್ಲ. ಆಮೇಲೆ ಕೇಳಿದ್ರು, "ಸೂಜಿ ಬಯಾಪ್ಸಿ ಯಾಕಮ್ಮ ಮಾಡಿಸ್ಲಿಲ್ಲ?" ಅತ್ತಿಗೆ ಹೇಳಿದ್ದು, "ಸೂಜಿ ಹಾಕಿದ್ರೆ ಹರಡುತ್ತೆ ಅಂತಾರಲ್ಲ ಮೇಡಂ." ಇದು ನಮ್ಮ ಏರಿಯಾದಲ್ಲಿ ಎಲ್ಲರ ಬಾಯಲ್ಲೂ ಇರೋ ಮಾತು, ಗಂಟು ಕೆಣಕಬಾರದು, ಮುಟ್ಟಿದ್ರೆ ಕೆರಳುತ್ತೆ ಅಂತ. ಡಾಕ್ಟ್ರಮ್ಮ ಬಿಡಿಸಿ ಹೇಳಿದ್ರು, ಸೂಜಿ ಹಾಕಿದ್ರೆ ಕ್ಯಾನ್ಸರ್ ಹರಡಲ್ಲ, ಏನೂ ಗೊತ್ತಿಲ್ದೆ ಅರ್ಧಂಬರ್ಧ ಕೊಯ್ದು ತೆಗೆಯೋದೇ ತೊಂದ್ರೆ. ಮೊದಲು ಕೈಯಲ್ಲಿ ಪರೀಕ್ಷೆ, ಆಮೇಲೆ ಮ್ಯಾಮೋಗ್ರಾಮ್ ಅಥವಾ ಅಲ್ಟ್ರಾಸೌಂಡ್, ಆಮೇಲೆ ದಪ್ಪ ಸೂಜೀಲಿ ಒಂದೆರಡು ಎಳೆ ತೆಗೆದು ಲ್ಯಾಬ್‌ಗೆ, ಈ ಮೂರೂ ಆದ್ಮೇಲೇ ಕತ್ತಿ ಹಿಡೀಬೇಕು. ಗಂಟು ಇದ್ದ ಜಾಗದಲ್ಲೇ ಇದ್ದಿದ್ರೆ ಮೊದಲು ಕೀಮೋ ಕೊಟ್ಟು ಅದು ಕರಗ್ತಿದೆಯಾ ಇಲ್ವಾ ಅಂತ ಕಣ್ಣಾರೆ ನೋಡ್ಬಹುದಿತ್ತು, ಔಷಧಿ ಹಿಡೀತಿದೆ ಅಂತ ತಿಳ್ಕೊಳ್ಳೋಕೆ ಅದೇ ಅಳತೆಗೋಲು. ಅಳತೆಗೋಲನ್ನ ಅರ್ಧ ಮುರಿದು ಡಬ್ಬಿಗೆ ಹಾಕಿದ್ರು. ಎದೆ ಉಳಿಸೋ ಆಪರೇಷನ್ನಿಗೂ ಅವಕಾಶ ಇದ್ದಿರ್ಬಹುದು, ಆದ್ರೆ ಕೊಯ್ದಿರೋ ಜಾಗ, ರೀತಿ ನೋಡಿದ್ರೆ ಈಗ ಕಷ್ಟ ಅಂದ್ರು. ಅತ್ತಿಗೆ ಸೆರಗು ಹೊದ್ಕೊಂಡು ತಲೆ ತಗ್ಗಿಸಿ ಕೂತಿದ್ರು. ನಾನು ಗೋಡೆ ಕಡೆ ತಿರುಗ್ಬಿಟ್ಟೆ.

ಆಮೇಲಿಂದ ಕಂಕುಳಲ್ಲಿ ಒಂದು ಗ್ರಂಥಿ ಸಿಕ್ತು, ಅದಕ್ಕೆ ಸೂಜಿ ಬಯಾಪ್ಸಿ ಆಯ್ತು. ಸ್ಟೇಪ್ಲರ್ ಹೊಡೆದಂಗೆ ಟಕ್ ಅಂತ ಸೌಂಡು, ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟಿರ್ತಾರೆ, ಹತ್ತು ನಿಮಿಷ, ಎದ್ದು ಬಂದು ಕಾಫಿ ಕುಡಿದ್ರು. ಇಷ್ಟೇ ಸರ್, ಮೊದಲ ದಿನಾನೇ ಆಗ್ಬೇಕಾಗಿದ್ದ ಕೆಲ್ಸ ಇಷ್ಟೇ. ಮಧ್ಯೆ ದೀಪಾವಳಿ ಬಂತು. ಹರ್-2 ರಿಪೋರ್ಟ್ '2 ಪ್ಲಸ್' ಅಂತ ಬಂತು, ಅಂದ್ರೆ ಹೌದು ಅಂತಾನೂ ಇಲ್ಲ ಅಲ್ಲ ಅಂತಾನೂ ಇಲ್ಲ, ಅದಕ್ಕೆ ಫಿಶ್ ಅಂತ ಇನ್ನೊಂದು ಟೆಸ್ಟು, ಅದನ್ನ ಹೊರಗಡೆ ಲ್ಯಾಬಲ್ಲಿ ಕೈಯಿಂದ ದುಡ್ಡು ಹಾಕಿ ಮಾಡಿಸಿದ್ವಿ, ಅದರ ಉತ್ತರ ಬಂದಿದ್ದು ಡಿಸೆಂಬರ್ 13ಕ್ಕೆ. ಪಾಸಿಟಿವ್. ಆಮೇಲೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಅಪ್ರೂವಲ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆ ಯೋಜನೆ ಇಲ್ದಿದ್ರೆ ನಮ್ಮ ಮನೆ ಮಾರ್ಬೇಕಾಗ್ತಿತ್ತು, ಅದಕ್ಕೆ ನಾನು ಸರ್ಕಾರಕ್ಕೆ ಮನಸಾರೆ ಋಣಿ. ಶಕ್ತಿ ಬಸ್ಸಿಗೂ ಋಣಿ, ಲಗ್ಗೆರೆಯಿಂದ ಮೆಜೆಸ್ಟಿಕ್, ಅಲ್ಲಿಂದ ಇನ್ನೊಂದು ಬಸ್ಸು, ಇಬ್ಬರು ಹೆಂಗಸರು ಎಷ್ಟು ಸಲ ಹೋಗಿ ಬಂದ್ವೋ ಲೆಕ್ಕ ಇಲ್ಲ, ಟಿಕೆಟ್ ದುಡ್ಡು ಕೊಡೋ ಹಾಗಿದ್ರೆ ಅರ್ಧ ಸಲ ಅತ್ತಿಗೆ ಬೇಡ ಅಂತಿದ್ರು. ಆದ್ರೆ ರೇಷನ್ ಕಾರ್ಡಲ್ಲಿ ಗಂಡನ ಹೆಸರು ಸೇರಿಸಿ ಬರ್ದಿದ್ದು, ಆಧಾರಲ್ಲಿ ಬರೀ ಇನಿಶಿಯಲ್, ಅದೊಂದು ತಿದ್ದಿಸೋಕೆ ಎಷ್ಟೋ ದಿನ ಹೋಯ್ತು. ದಿನಕ್ಕೆ ಹತ್ತು ಜನರ ಆಧಾರ್ ಜೆರಾಕ್ಸ್ ಮಾಡ್ಕೊಡೋ ನನಗೇ ನಮ್ಮನೆ ಕಾರ್ಡ್ ತಪ್ಪಿರೋದು ಗೊತ್ತಿರ್ಲಿಲ್ಲ.

2024ರ ಜನವರಿ 18, ಸಂಕ್ರಾಂತಿ ಆಗಿ ಮೂರು ದಿನಕ್ಕೆ ಮೊದಲನೇ ಕೀಮೋ. ಕೆಂಪು ಔಷಧಿ. ಮನೆಗೆ ಬಂದು ಮೂತ್ರ ಕೆಂಪಾಗಿದ್ದು ನೋಡಿ ರಕ್ತ ಹೋಗ್ತಿದೆ ಅಂತ ಕಿರುಚಿಕೊಂಡ್ರು, ಅದು ಔಷಧಿ ಬಣ್ಣ ಅಂತ ಮೊದಲೇ ಒಂದು ಮಾತು ಯಾರಾದ್ರೂ ಹೇಳಿದ್ರೆ ಆ ರಾತ್ರಿ ನಾವು ನಿದ್ದೆ ಮಾಡ್ತಿದ್ವಿ.

ವಿಶ್ವ ಆರೋಗ್ಯ ಸಂಸ್ಥೆ ಸ್ತನ ಕ್ಯಾನ್ಸರ್‌ಗೆ ಅಂತಾನೇ ಮೂರು ಗುರಿ ಇಟ್ಟಿದೆ. ನೂರರಲ್ಲಿ 60ಕ್ಕಿಂತ ಹೆಚ್ಚು ಜನರಿಗೆ ಮೊದಲನೇ ಎರಡನೇ ಸ್ಟೇಜಲ್ಲೇ ಗೊತ್ತಾಗ್ಬೇಕು, ಆಸ್ಪತ್ರೆ ಮೆಟ್ಟಿಲು ಹತ್ತಿದ 60 ದಿನದೊಳಗೆ ಕಾಯಿಲೆ ಏನಂತ ಪೂರ್ತಿ ತೀರ್ಮಾನ ಆಗ್ಬೇಕು, 80ಕ್ಕಿಂತ ಹೆಚ್ಚು ಜನ ಟ್ರೀಟ್‌ಮೆಂಟ್ ಪೂರ್ತಿ ಮುಗಿಸ್ಬೇಕು. ನಮಗೆ ಆ 60 ದಿನದ ಕೆಲ್ಸಕ್ಕೆ 107 ದಿನ ಹಿಡೀತು, ಅದೂ ರಾಜಧಾನೀಲಿ. ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ಹೆಚ್ಚುಕಮ್ಮಿ 1 ಲಕ್ಷ 92 ಸಾವಿರ ಹೆಂಗಸರಿಗೆ ಈ ಕಾಯಿಲೆ ಬಂದಿದೆ, 98 ಸಾವಿರ ಜನ ತೀರ್ಕೊಂಡಿದಾರೆ ಅಂತ ಅಂತರರಾಷ್ಟ್ರೀಯ ಅಂದಾಜು ಇದೆ. ಬೆಂಗಳೂರಿನ ಹೆಂಗಸರಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣಿಸ್ಕೊಳ್ಳೋ ಕ್ಯಾನ್ಸರ್ ಇದೇ.

ಇನ್ನೊಂದು ವಿಷಯ ನನ್ನ ತಲೇಲಿ ಕೊರೀತಾನೇ ಇರುತ್ತೆ. ಅತ್ತಿಗೆಗೆ ಒಂದು ವರ್ಷ ಮೂರು ವಾರಕ್ಕೊಮ್ಮೆ ಕೊಟ್ರಲ್ಲ ಟ್ರಾಸ್ಟುಜುಮ್ಯಾಬ್, ಅದರ ಕಡಿಮೆ ಬೆಲೆಯ ರೂಪಾನ ಮೊದಲು ಮಾರ್ಕೆಟ್ಟಿಗೆ ತಂದಿದ್ದು ನಮ್ಮ ಬೆಂಗಳೂರಿನ ಬಯೋಕಾನ್, 2014ರಲ್ಲಿ, ಕ್ಯಾನ್‌ಮ್ಯಾಬ್ ಅನ್ನೋ ಹೆಸರಲ್ಲಿ. 2017ರಲ್ಲಿ ಅಮೆರಿಕದೋರೂ ಅದಕ್ಕೆ ಒಪ್ಪಿಗೆ ಕೊಟ್ರು. ಅಂಥ ಔಷಧಿ ಮಾಡೋ ಊರಲ್ಲೇ ಒಂದು ಡಬ್ಬಿಗೆ ಫಾರ್ಮಲಿನ್ ಹಾಕೋ ಬದಲು ಸಲೈನ್ ಹಾಕಿ ಕಳಿಸಿದ್ರು, ಆ ಡಬ್ಬಿಯಿಂದಾಗಿ ಈ ಹೆಂಗಸಿಗೆ ಆ ಔಷಧಿ ಬೇಕು ಅಂತ ತಿಳಿಯೋದೇ ತಡ ಆಯ್ತು. ಔಷಧಿ ಎಷ್ಟೇ ಒಳ್ಳೇದಿರ್ಲಿ ಸರ್, ಯಾರಿಗೆ ಕೊಡ್ಬೇಕು ಅಂತ ಹೇಳೋದು ಆ ಡಬ್ಬಿ.

ಅದಕ್ಕೇ ನನ್ನ ಮೊದಲನೇ ಕೋರಿಕೆ, ಬೇರೆ ಯಾವುದೂ ಆಗದಿದ್ರೂ ಇದೊಂದು ಮಾಡಿ. ರಾಜ್ಯದಲ್ಲಿ ಪ್ರತಿ ಖಾಸಗಿ ನರ್ಸಿಂಗ್ ಹೋಮ್ ಖಾಸಗಿ ಆಸ್ಪತ್ರೆಗಳ ನಿಯಂತ್ರಣಕ್ಕಿರೋ 2007ರ ಕೆಪಿಎಂಇ ಕಾಯ್ದೆ ಕೆಳಗೆ ರಿಜಿಸ್ಟರ್ ಆಗಿರ್ಬೇಕು. ಅವರಿಗೆಲ್ಲ ಒಂದು ಸುತ್ತೋಲೆ ಕಳಿಸಿ: ಎದೆ ಗಂಟನ್ನ ಸೂಜಿ ಬಯಾಪ್ಸಿ ರಿಪೋರ್ಟ್ ಇಲ್ದೆ ಕೊಯ್ದು ತೆಗೆಯೋ ಹಾಗಿಲ್ಲ, ತೆಗೆದ ಯಾವ ತುಂಡೇ ಆಗ್ಲಿ ಫಾರ್ಮಲಿನ್‌ನಲ್ಲೇ ಹೋಗ್ಬೇಕು, ಡಬ್ಬಿ ಮೇಲೆ ಎಷ್ಟು ಗಂಟೆಗೆ ಹಾಕಿದ್ದು ಅಂತ ಬರೀಬೇಕು, ಅದನ್ನ ಲ್ಯಾಬ್‌ಗೆ ತಲುಪಿಸೋದು ಆಸ್ಪತ್ರೆ ಕೆಲ್ಸ, ಗಂಡನ ಸ್ಕೂಟರ್ ಕೆಲ್ಸ ಅಲ್ಲ.

ಎರಡನೇದು ಕೈ ಪರೀಕ್ಷೆ. 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಎದೆ ಪರೀಕ್ಷೆ ಮಾಡ್ಬೇಕು ಅಂತ ಕೇಂದ್ರದ ಮಾರ್ಗಸೂಚಿ 2016ರಿಂದ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ನೋಡಿದ್ರೆ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಜೀವನದಲ್ಲಿ ಒಂದು ಸಲನಾದ್ರೂ ಅದನ್ನ ಮಾಡಿಸ್ಕೊಂಡೋರು ದೇಶದಲ್ಲಿ ಶೇ 0.9. ನೂರಕ್ಕೆ ಒಬ್ಬರೂ ಇಲ್ಲ. ಇದಕ್ಕೆ ದೊಡ್ಡ ಮಿಷನ್ ಏನೂ ಬೇಡ. ಮುಂಬೈನಲ್ಲಿ ಟಾಟಾ ಮೆಮೋರಿಯಲ್‌ನವರು ಒಂದೂವರೆ ಲಕ್ಷ ಹೆಂಗಸರ ಮೇಲೆ ಇಪ್ಪತ್ತು ವರ್ಷ ನಡೆಸಿದ ಅಧ್ಯಯನ 2021ರಲ್ಲಿ ಬಂತು, ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಲ್ಲಿ ಪರೀಕ್ಷೆ ಮಾಡಿದ್ರು ಅಷ್ಟೇ, 50 ದಾಟಿದ ಹೆಂಗಸರಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಮ್ಮಿ ಶೇ 30ರಷ್ಟು ಕಡಿಮೆ ಆಯ್ತು. 50ರ ಒಳಗಿನೋರಲ್ಲಿ ಸಾವು ಹಾಗೆ ಇಳೀಲಿಲ್ಲ, ಅದನ್ನೂ ಹೇಳ್ಬೇಕು, ನಮ್ಮ ಅತ್ತಿಗೆಗೆ 44, ಅಂಥೋರಿಗೆ ಗಂಟು ಕಂಡ ತಕ್ಷಣ ಸರಿಯಾದ ಬಾಗಿಲು ಸಿಗೋದೇ ದೊಡ್ಡದು. ಸರ್ಕಾರದ 'ನಮ್ಮ ಕ್ಲಿನಿಕ್'ಗಳಲ್ಲಿ ನರ್ಸಮ್ಮಂದಿರಿಗೆ ಈ ತರಬೇತಿ ಕೊಡ್ಸಿ, ಒಂದು ಮೂಲೇಲಿ ಪರದೆ ಹಾಕ್ಸಿ, ವಾರಕ್ಕೆ ಎರಡು ದಿನ ರಾತ್ರಿ ಎಂಟರವರೆಗೆ ತೆಗೆದಿಡ್ಸಿ. ನಮ್ಮ ಬೀದಿ ಹೆಂಗಸರಲ್ಲಿ ಅರ್ಧ ಜನ ಪೀಣ್ಯ ಗಾರ್ಮೆಂಟ್ಸ್‌ಗೆ ಹೋಗೋರು, ಅವರು ವಾಪಸ್ ಬಂದು ಬಾಗಿಲಿಗೆ ನೀರು ಹಾಕೋ ಹೊತ್ತಿಗೆ ಕತ್ತಲಾಗಿರುತ್ತೆ.

ಮೂರನೇದು, ಪೇಶಂಟ್ ಕೈ ಹಿಡ್ಕೊಂಡು ಹೋಗೋಕೆ ಒಬ್ಬರು ಬೇಕು. ಇವತ್ತು ಯಾವ ಟೆಸ್ಟ್, ಅದರ ರಿಪೋರ್ಟ್ ಯಾವಾಗ, ಕಾರ್ಡಲ್ಲಿ ಹೆಸರು ಸರಿ ಇದೆಯಾ, ಇಂಜೆಕ್ಷನ್‌ಗೆ ಮುಂಚೆ ಎಕೋ ಅನ್ನೋ ಹೃದಯದ ಸ್ಕ್ಯಾನ್ ಆಗಿದೆಯಾ, ಮುಂದಿನ ಡೇಟ್ ಯಾವುದು ಅಂತ ಒಂದೇ ಫೋನ್ ನಂಬರಲ್ಲಿ ಹೇಳೋರು. ನಮ್ಮನೇಲಿ ಆ ಕೆಲ್ಸ ನಾನು ಮಾಡ್ದೆ, ಅಂಗಡಿ ಸ್ವಂತದ್ದು ಅಂತ ಮುಚ್ಚಿ ಹೋಗೋಕಾಯ್ತು. ಪಕ್ಕದ ಬೆಂಚಲ್ಲಿ ರಾಯಚೂರಿಂದ ಬಂದ ಅಮ್ಮ ಒಬ್ಬರೇ ಕೂತಿರ್ತಿದ್ರು, ಓದೋಕೆ ಬರಲ್ಲ, ಎಲ್ಲಾ ಚೀಟೀನೂ ನನ್ನ ಮುಂದೆ ಹರಡಿ "ಇದ್ರಾಗ ಏನೈತಿ ನೋಡ್ರಿ ಯವ್ವಾ" ಅಂತಿದ್ರು. ಎರಡು ತಿಂಗಳಾದ್ಮೇಲೆ ಅವರು ಬರೋದು ನಿಂತೋಯ್ತು. 2025ರಲ್ಲಿ ಜಿಲ್ಲಾಸ್ಪತ್ರೆಗಳಲ್ಲೇ ಡೇ ಕೇರ್ ಕೀಮೋ ಶುರು ಮಾಡಿದ್ದು ಓದಿ ನನಗೆ ಮೊದಲು ನೆನಪಾಗಿದ್ದು ಅವರೇ.

ಫಿಶ್ ಟೆಸ್ಟ್ ಬಗ್ಗೆ ಜಾಸ್ತಿ ಬರೆಯಲ್ಲ. ಬಿಪಿಎಲ್ ಹೆಂಗಸಿಗೆ ಔಷಧಿ ಯೋಜನೇಲಿ ಸಿಕ್ಕಿ, ಆ ಔಷಧಿ ಬೇಕಾ ಅಂತ ಹೇಳೋ ಟೆಸ್ಟಿಗೆ ಓಲೆ ಅಡ ಇಡೋ ಹಾಗಾಗ್ಬಾರದು.

ಇನ್ನೊಂದು ಮಾತು. ಕಿದ್ವಾಯಿ ಕ್ಯಾನ್ಸರ್ ಸಂಸ್ಥೇಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ರಿಜಿಸ್ಟ್ರಿ ಇದೆ, ಎಷ್ಟು ಜನರಿಗೆ ಯಾವ ಕ್ಯಾನ್ಸರ್ ಅಂತ ಇಷ್ಟು ವರ್ಷದಿಂದ ಎಣಿಸ್ತಾ ಬಂದಿದಾರೆ, ದೊಡ್ಡ ಕೆಲ್ಸ. ಅದೇ ಥರ ಒಬ್ಬೊಬ್ಬರಿಗೆ ಎಷ್ಟು ದಿನ ಹಿಡೀತು ಅಂತಾನೂ ಎಣಿಸಿ ಅಂತ ಕೇಳ್ಕೊಳ್ತೀನಿ. ಗಂಟು ಅಂತ ಬಂದ ತಾರೀಕು, ರಿಪೋರ್ಟ್ ಕೈಗೆ ಸಿಕ್ಕ ತಾರೀಕು, ಮೊದಲನೇ ಟ್ರೀಟ್‌ಮೆಂಟ್ ತಾರೀಕು, ಈ ಮೂರನ್ನ ಪ್ರತಿ ಆಸ್ಪತ್ರೆಯಿಂದ ತಗೊಂಡು ವರ್ಷಕ್ಕೊಮ್ಮೆ ಎಲ್ಲರಿಗೂ ಕಾಣೋ ಹಾಗೆ ಹಾಕಿ. ನಮ್ಮ 160 ಆ ಲೆಕ್ಕದಲ್ಲಿ ಎಲ್ಲಿ ಕೂರುತ್ತೆ ಅಂತ ನನಗೆ ನೋಡ್ಬೇಕು.

ಈಗ ಅಕ್ಕತಂಗೀರಿಗೆ. ಗಂಟು ಒಂದೇ ಅಲ್ಲ, ತೊಟ್ಟು ಇದ್ದಕ್ಕಿದ್ದಂಗೆ ಒಳಗೆ ಎಳ್ಕೊಂಡ್ರೆ, ತೊಟ್ಟಿಂದ ರಕ್ತದಂಥ ನೀರು ಬಂದ್ರೆ, ಚರ್ಮ ಕಿತ್ತಳೆ ಸಿಪ್ಪೆ ಥರ ಗುಳಿಗುಳಿ ಆದ್ರೆ, ಕಂಕುಳಲ್ಲಿ ಗಡ್ಡೆ ಸಿಕ್ಕಿದ್ರೆ ತೋರಿಸ್ಕೊಳ್ಳಿ. ಹಬ್ಬ, ಮಗಳ ಪರೀಕ್ಷೆ, ನಾದಿನಿ ಮದುವೆ ಅಂತ ಮುಂದಕ್ಕೆ ಹಾಕ್ಬೇಡಿ. ಡಾಕ್ಟ್ರು ಮುಟ್ಟಿ ನೋಡದೇ ಮಾತ್ರೆ ಬರ್ದ್ರೆ ಇನ್ನೊಬ್ಬರ ಹತ್ರ ಹೋಗಿ. "ತೆಗೆದ್ಬಿಡೋಣ" ಅಂದ್ರೆ "ಮೊದಲು ಸೂಜಿ ಬಯಾಪ್ಸಿ ಮಾಡಿ" ಅಂತ ಕೇಳಿ, ಹಾಗೆ ಕೇಳೋದು ಅಗೌರವ ಅಲ್ಲ. ಅಮ್ಮನಿಗೆ ಬಂದಿಲ್ಲ ನನಗೆ ಬರಲ್ಲ ಅಂತ ಸುಮ್ನಿರ್ಬೇಡಿ, ನಮ್ಮ ಅತ್ತಿಗೆ ತವರಲ್ಲಿ ಯಾರಿಗೂ ಇರ್ಲಿಲ್ಲ.

ಅತ್ತಿಗೆ ಈಗ ಚೆನ್ನಾಗಿದಾರೆ. ಎಡಗಡೆ ಎದೆ ಪೂರ್ತಿ ತೆಗೆದ್ರು, 15 ದಿನ ರೇಡಿಯೇಷನ್ ಆಯ್ತು, ವರ್ಷದ ಇಂಜೆಕ್ಷನ್ 2025ರ ಏಪ್ರಿಲ್‌ಗೆ ಮುಗೀತು, ದಿನಾ ಒಂದು ಟ್ಯಾಮಾಕ್ಸಿಫೆನ್ ಮಾತ್ರೆ ಇನ್ನೂ ವರ್ಷಗಟ್ಟಲೆ ಇದೆ. ಎಡಗೈ ಊದ್ಕೊಳ್ಳುತ್ತೆ, ಭಾರ ಎತ್ತೋ ಹಾಗಿಲ್ಲ, ಮಿಷನ್ ಮಾತ್ರ ಬಿಟ್ಟಿಲ್ಲ. ಅಂಗಡೀಲಿ ಸಿಗೋ ಸಿಲಿಕಾನ್ ಎದೆ ದುಬಾರಿ, ಬರೀ ಹತ್ತಿ ತುಂಬಿದ್ರೆ ಭಾರ ಸಾಲದೆ ಬ್ಲೌಸ್ ಒಂದು ಕಡೆಗೆ ಜಾರುತ್ತೆ ಅಂತ ತಾವೇ ಕಾಟನ್ ಬಟ್ಟೇಲಿ ಒಂದು ಚೀಲ ಹೊಲ್ಕೊಂಡು ಒಳಗೆ ಸಾಸಿವೆ ತುಂಬಿದ್ರು, ಅಡುಗೆ ಮನೆ ತಕ್ಕಡೀಲಿ ತೂಗಿ ತೂಗಿ ಎರಡೂ ಕಡೆ ಸಮ ಮಾಡ್ಕೊಂಡ್ರು. ಈಗ ಚೆಕಪ್‌ಗೆ ಹೋದಾಗೆಲ್ಲ ನಾಲ್ಕು ಚೀಲ ಹೊಲಿದು ತಗೊಂಡು ಹೋಗಿ ಅಲ್ಲಿ ಕೂತಿರೋ ಹೆಂಗಸರಿಗೆ ಕೊಟ್ಟು ಬರ್ತಾರೆ, ಅಳತೆ ಕೇಳಿ ಬರ್ಕೊಂಡೂ ಬರ್ತಾರೆ.

ಅವರ ಫೈಲ್ 214 ಪುಟ ಇದೆ ಸರ್. ತಾರೀಕು ಪ್ರಕಾರ ಜೋಡಿಸಿಟ್ಟಿದೀನಿ, ಆ ಡಬ್ಬಿ ಜೊತೆ ಕೊಟ್ಟ ಚೀಟೀನೂ ಇದೆ. ನೀವು ಇಲ್ಲಾ ನಿಮ್ಮ ಆಫೀಸಿಂದ ಯಾರಾದ್ರೂ ನೋಡ್ತೀನಿ ಅಂದ್ರೆ ಒಂದು ಪೂರ್ತಿ ಸೆಟ್ ಜೆರಾಕ್ಸ್ ಮಾಡ್ಕೊಂಡು ನಾನೇ ತಂದ್ಕೊಡ್ತೀನಿ, ಯಾವ ದಿನ ಕರೆದ್ರೂ ಬರ್ತೀನಿ.

ಇಂತಿ,
ಲಗ್ಗೆರೆಯಿಂದ ಒಬ್ಬ ನಾದಿನಿ